ಅರ್ಜಿ ಹಾಕದ ಮೇಷ್ಟ್ರು

ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲ್ಲೂಕಿನಲ್ಲಿ ಪರಿತೇವಾಡಿ ಎಂಬ ಸಣ್ಣ ಊರಿದೆ. 2009ರಲ್ಲಿ ಅಲ್ಲಿನ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ ರಣಜಿತ್‌ಸಿಂಹ ಡಿಸಲೆ ಎಂಬ ಯುವಕ ಮೇಷ್ಟ್ರಾಗಿ ಬಂದಾಗ ಶಾಲೆ ಎಂದರೆ ದನದ ಕೊಟ್ಟಿಗೆ ಒಂದು ಕಡೆ, ಉಗ್ರಾಣ ಇನ್ನೊಂದು ಕಡೆ, ನಡುವೆ ಬೀಳುವ ಹಾಗಿದ್ದ ಕಟ್ಟಡ. ಅದನ್ನಾದರೂ ಸರಿಪಡಿಸಬಹುದು. ಅದಕ್ಕಿಂತ ದೊಡ್ಡ ತೊಡಕು, ಪುಸ್ತಕದ ಮಾತು ಮಕ್ಕಳ ಮನೆಯ ಮಾತಾಗಿರಲಿಲ್ಲ. ಮನೆಯಲ್ಲಿ ಅವರು ಆಡುತ್ತಿದ್ದುದು ಕನ್ನಡ. ಮೇಷ್ಟ್ರು ಕನ್ನಡ ಕಲಿತರು. ಒಂದರಿಂದ ನಾಲ್ಕನೇ ತರಗತಿವರೆಗಿನ ಪಠ್ಯಗಳನ್ನು ಮಕ್ಕಳಿಗೆ ತಿಳಿಯುವ ಹಾಗೆ ಹೊಸದಾಗಿ ರೂಪಿಸಿದರು, ಪಾಠಪಾಠಕ್ಕೂ ಕ್ಯೂಆರ್ ಕೋಡ್ ಅಂಟಿಸಿ ಹಾಡು, ಕಥೆ, ವಿಡಿಯೊಗಳನ್ನು ಅದರೊಳಗೆ ಇಟ್ಟರು. ಮುಂದೆ ಮಹಾರಾಷ್ಟ್ರ ಸರಕಾರ ತನ್ನ ಪಠ್ಯಪುಸ್ತಕಗಳಿಗೆಲ್ಲ ಕ್ಯೂಆರ್ ಕೋಡ್ ತಂದಿತು. ಎನ್‌ಸಿಇಆರ್‌ಟಿಯೂ ಅದೇ ದಾರಿ ಹಿಡಿಯಿತು.

2020ರ ಡಿಸೆಂಬರ್ 3ರಂದು ಲಂಡನ್ನಿನಿಂದ ಆನ್‌ಲೈನ್‌ನಲ್ಲಿ ನಡೆದ ಸಮಾರಂಭದಲ್ಲಿ ನಟ ಸ್ಟೀಫನ್ ಫ್ರೈ ಡಿಸಲೆಯವರ ಹೆಸರು ಓದಿದರು. ವಾರ್ಕಿ ಪ್ರತಿಷ್ಠಾನದ ಜಾಗತಿಕ ಶಿಕ್ಷಕ ಪ್ರಶಸ್ತಿ, 10 ಲಕ್ಷ ಡಾಲರ್. 140ಕ್ಕೂ ಹೆಚ್ಚು ದೇಶಗಳ 12,000ಕ್ಕೂ ಮೀರಿದ ಹೆಸರುಗಳ ನಡುವೆ ಗೆದ್ದ ಮೇಷ್ಟ್ರು ಅದೇ ವೇದಿಕೆಯಲ್ಲಿ, ಬಂದ ಹಣದ ಅರ್ಧವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಮಂದಿಗೆ ಹಂಚುವುದಾಗಿ ಹೇಳಿಬಿಟ್ಟರು. ತಲಾ 55,000 ಡಾಲರ್ ಆಸುಪಾಸು. ಇಟಲಿಯ ಮೇಷ್ಟ್ರಿಗೆ, ಬ್ರಿಟನ್ನಿನ ಮೇಷ್ಟ್ರಿಗೆ ಸೊಲ್ಲಾಪುರದ ಕಡೆಯಿಂದ ಕೊಡುಗೆ!

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ವರ್ಷ ಕಳೆದು 2022ರ ಜನವರಿಯಲ್ಲಿ ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಹೋಗಲು ಅವರು ಹಾಕಿದ ರಜೆಯ ಅರ್ಜಿ ಕಚೇರಿಯಲ್ಲಿ ಸಿಕ್ಕಿಕೊಂಡಿತು. ಶಾಲೆಗೆ ಗೈರುಹಾಜರಾಗಿದ್ದರು ಎಂಬ ಆರೋಪ, ಅದರ ಮೇಲೆ ವಿಚಾರಣೆ. ಆಗಿನ ಶಿಕ್ಷಣ ಸಚಿವೆ ವರ್ಷಾ ಗಾಯಕ್ವಾಡ್ ಮಧ್ಯೆ ಬಂದು ರಜೆ ಕೊಡಲು ಸೂಚಿಸಿದರು. ಆದರೂ ಅದೇ ವರ್ಷದ ಜುಲೈನಲ್ಲಿ ಡಿಸಲೆ ರಾಜೀನಾಮೆ ಪತ್ರ ಕೊಟ್ಟ ಸುದ್ದಿ ಬಂತು. ತಪ್ಪು ಯಾರದು ಎಂಬುದಕ್ಕೆ ಎರಡೂ ಕಡೆ ವಾದವಿದೆ, ಅದು ಇಲ್ಲಿ ಬೇಡ. ಜಗತ್ತೇ ನೋಡಿದ ಮೇಷ್ಟ್ರೊಬ್ಬರು ಹಾಜರಿ ಪುಸ್ತಕದ ಮುಂದೆ ಮತ್ತೆ ಒಬ್ಬ ಸಹಶಿಕ್ಷಕರಷ್ಟೇ ಆಗಿಬಿಟ್ಟರು ಎಂಬುದು ಮಾತ್ರ ಗಮನಿಸುವಂಥದ್ದು. ಪ್ರಶಸ್ತಿಯ ಕೈ ಅಷ್ಟು ದೂರ ಹೋಗುತ್ತದೆ, ಅಲ್ಲಿಂದಾಚೆಗೆ ಹೋಗುವುದಿಲ್ಲ.

ಹಾಗಾದರೆ ಅದು ಎಷ್ಟು ದೂರ ಹೋಗುತ್ತದೆ, ಯಾರನ್ನು ಮುಟ್ಟುತ್ತದೆ?

ನಮ್ಮಲ್ಲಿ ಶಿಕ್ಷಕರ ರಾಷ್ಟ್ರಪ್ರಶಸ್ತಿ ಶುರುವಾದದ್ದು 1958ರಲ್ಲಿ. ಸೆಪ್ಟೆಂಬರ್ 5ನ್ನು ಶಿಕ್ಷಕರ ದಿನ ಎಂದು ಆಚರಿಸತೊಡಗಿದ್ದು ಅದಕ್ಕಿಂತ ನಾಲ್ಕು ವರ್ಷ ಈಚೆಗೆ, ಸರ್ವೆಪಲ್ಲಿ ರಾಧಾಕೃಷ್ಣನ್ ರಾಷ್ಟ್ರಪತಿಯಾದ 1962ರಲ್ಲಿ. ಎರಡೂ ಒಟ್ಟಿಗೇ ಹುಟ್ಟಿದವು ಎಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಆರು ದಶಕ ಈ ಪ್ರಶಸ್ತಿ ಒಂದೇ ಕ್ರಮದಲ್ಲಿ ನಡೆಯಿತು. ಮುಖ್ಯೋಪಾಧ್ಯಾಯರು, ಇಲಾಖೆಯ ಮೇಲಧಿಕಾರಿಗಳು, ಜಿಲ್ಲಾ ಸಮಿತಿ, ರಾಜ್ಯ ಸಮಿತಿ ಹೀಗೆ ಕಡತ ಮೆಟ್ಟಿಲೇರುತ್ತಿತ್ತು. ಶಿಕ್ಷಕರಿಗೆ ಕನಿಷ್ಠ 15 ವರ್ಷ, ಮುಖ್ಯೋಪಾಧ್ಯಾಯರಿಗೆ 20 ವರ್ಷ ಸೇವೆಯಾಗಿರಬೇಕಿತ್ತು. ರಾಜ್ಯಕ್ಕಿಷ್ಟು ಎಂದು ಪಾಲು ಇತ್ತು, ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿಗೆ ಪ್ರಶಸ್ತಿ ಸಿಗುತ್ತಿತ್ತು. ಮೆಟ್ಟಿಲು ಹೆಚ್ಚಿದಷ್ಟೂ ಹಿಡಿದುಕೊಳ್ಳಬೇಕಾದ ಕೈಗಳೂ ಹೆಚ್ಚು ಎಂದು ಶಿಕ್ಷಕರ ಕೊಠಡಿಗಳಲ್ಲಿ ಆಗಲೇ ನಗೆಚಾಟಿಕೆ ಇತ್ತು.

2018ರಲ್ಲಿ ಕೇಂದ್ರ ಸರಕಾರ ಈ ಕ್ರಮವನ್ನೇ ಬುಡಮೇಲು ಮಾಡಿತು. ಪ್ರಶಸ್ತಿಗಳ ಸಂಖ್ಯೆ 45ಕ್ಕೆ ಇಳಿಯಿತು. ಮೇಲಿನವರ ಶಿಫಾರಸು ಬೇಡ, ಶಿಕ್ಷಕರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅರ್ಜಿಯ ಜೊತೆಗೆ ತಮ್ಮ ಕೆಲಸದ ದಾಖಲೆ, ಫೋಟೊ, ವಿಡಿಯೊ ಸೇರಿಸಬೇಕು. ಜಿಲ್ಲಾ ಸಮಿತಿ ಮೂವರನ್ನು ಆರಿಸಿ ರಾಜ್ಯಕ್ಕೆ ಕಳಿಸುತ್ತದೆ, ರಾಜ್ಯ ಸಮಿತಿ ತನ್ನ ಪಟ್ಟಿಯನ್ನು ದಿಲ್ಲಿಗೆ ಕಳಿಸುತ್ತದೆ, ಅಲ್ಲಿ ರಾಷ್ಟ್ರಮಟ್ಟದ ಸ್ವತಂತ್ರ ತೀರ್ಪುಗಾರರ ಮುಂದೆ ಶಿಕ್ಷಕರು ಖುದ್ದಾಗಿ ತಮ್ಮ ಕೆಲಸವನ್ನು ವಿವರಿಸುತ್ತಾರೆ. ಗೆದ್ದವರಿಗೆ ಪ್ರಶಸ್ತಿಪತ್ರ, ಬೆಳ್ಳಿ ಪದಕ, ₹50,000. ಟ್ಯೂಷನ್ ಹೇಳುವವರು ಅರ್ಜಿ ಹಾಕುವಂತಿಲ್ಲ.

ಇದರಿಂದ ಒಳ್ಳೆಯದು ಆಗಲೇ ಇಲ್ಲ ಎಂದರೆ ಸುಳ್ಳಾದೀತು. ಯಾವ ಸಂಘದ ಪದಾಧಿಕಾರಿಯೂ ಅಲ್ಲದ, ಬಿಇಒ ಕಚೇರಿಯಲ್ಲಿ ಯಾರಿಗೂ ಮುಖಪರಿಚಯವಿಲ್ಲದ ಶಿಕ್ಷಕರಿಗೂ ದಾರಿ ತೆರೆಯಿತು. 2022ರಲ್ಲಿ ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ಅಮೃತಾಪುರದ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಸಹಶಿಕ್ಷಕ ಟಿ.ಪಿ. ಉಮೇಶ್ ಅವರಿಗೆ ಈ ಪ್ರಶಸ್ತಿ ಬಂತು. ಮರುವರ್ಷ ಶಿರಸಿಯ ಶ್ರೀ ಮಾರಿಕಾಂಬಾ ಸರಕಾರಿ ಪ್ರೌಢಶಾಲೆಯ ನಾರಾಯಣ ಭಾಗವತರಿಗೆ. ಒಂದು ಕಿರಿಯ ಪ್ರಾಥಮಿಕ ಶಾಲೆಯ ಹೆಸರನ್ನು ದಿಲ್ಲಿಯ ವಿಜ್ಞಾನ ಭವನದಲ್ಲಿ ಕೂಗಿ ಕರೆಯುತ್ತಾರೆ ಎಂಬುದು ಆ ಊರಿಗೆ ಸಣ್ಣ ಮಾತಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ದೇಶದ ಶಾಲಾ ಶಿಕ್ಷಕರ ಸಂಖ್ಯೆ 2024–25ರಲ್ಲಿ ಮೊದಲ ಬಾರಿಗೆ ಒಂದು ಕೋಟಿ ದಾಟಿತು. 2025ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ಶಾಲಾ ಶಿಕ್ಷಕರು 45. ಎರಡು ಲಕ್ಷಕ್ಕೂ ಹೆಚ್ಚು ಜನರಲ್ಲಿ ಒಬ್ಬರು. ಅದೇ ವರ್ಷದ ಸರಕಾರಿ ಅಂಕಿಅಂಶದಂತೆ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1,04,125. ಅಂಥ ಶಾಲೆಯ ಮೇಷ್ಟ್ರು ಬೆಳಗ್ಗೆ ಬಾಗಿಲು ತೆಗೆಯುವವರು, ಗಂಟೆ ಹೊಡೆಯುವವರು, ಎಲ್ಲ ತರಗತಿಗೂ ಒಟ್ಟಿಗೆ ಪಾಠ ಹೇಳುವವರು, ಹಾಲಿನ ಪುಡಿ, ಮೊಟ್ಟೆ, ಅಕ್ಕಿಯ ಲೆಕ್ಕ ಬರೆಯುವವರು, ಸಭೆ ಇದ್ದ ದಿನ ಕ್ಲಸ್ಟರಿಗೆ ಓಡುವವರು. ಇವೆಲ್ಲದರ ನಡುವೆ ತಾನು ಪಾಠ ಮಾಡುವುದನ್ನು ಯಾರಿಂದಲೋ ವಿಡಿಯೊ ಮಾಡಿಸಿ, ಕತ್ತರಿಸಿ, ಜೋಡಿಸಿ, ಜಾಲತಾಣಕ್ಕೆ ಏರಿಸಲು ಅವರಿಗೆ ಯಾವ ಹೊತ್ತು ಉಳಿದೀತು? 2025ರ ಶಿಕ್ಷಕರ ದಿನದ ಹಾರ ಬಾಡುವ ಮೊದಲೇ, ಸೆಪ್ಟೆಂಬರ್ 22ರಿಂದ, ಕರ್ನಾಟಕದ ಸರಕಾರಿ ಮೇಷ್ಟ್ರುಗಳು ಜಾತಿ ಸಮೀಕ್ಷೆಗೆಂದು ಮನೆಮನೆ ಸುತ್ತಿದ್ದನ್ನು ಓದುಗರೂ ನೋಡಿದ್ದಾರೆ.

ನಿಯಮಾವಳಿಯಲ್ಲಿ ಇನ್ನೊಂದು ಸಾಲಿದೆ. ಕಾಯಂ ಶಿಕ್ಷಕರಿಗೆ ಮಾತ್ರ ಅರ್ಹತೆ, ಗುತ್ತಿಗೆಯವರಿಗಿಲ್ಲ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಖಾಲಿ ಬಿದ್ದ ಹುದ್ದೆಗಳನ್ನು ಪ್ರತಿ ಜೂನ್‌ನಲ್ಲೂ ತುಂಬುವವರು ಅತಿಥಿ ಶಿಕ್ಷಕರು. ಒಂದೇ ಶಾಲೆಯಲ್ಲಿ ಹತ್ತಾರು ವರ್ಷ ‘ಅತಿಥಿ’ಯಾಗಿಯೇ ಉಳಿದವರಿದ್ದಾರೆ. ಮಕ್ಕಳ ಪಾಲಿಗೆ ಅವರೂ ಸರ್, ಅವರೂ ಮಿಸ್. ಪ್ರಶಸ್ತಿಯ ಪಾಲಿಗೆ ಅವರು ಬಂದು ಹೋಗುವ ನೆಂಟರು. ಇದು ನ್ಯಾಯವಲ್ಲ ಎಂದು ಹೇಳಲು ದೊಡ್ಡ ತರ್ಕ ಬೇಕಿಲ್ಲ.

ತಾನೇ ಅರ್ಜಿ ಹಾಕುವುದರಲ್ಲಿ ಇನ್ನೂ ಒಂದು ಇರಿಸುಮುರಿಸು ಇದೆ. ನಮ್ಮ ಕಡೆಯ ಹಳೆಯ ತಲೆಮಾರಿನ ಮೇಷ್ಟ್ರುಗಳಿಗೆ ‘ನಾನು ಉತ್ತಮ ಶಿಕ್ಷಕ’ ಎಂದು ತಾವೇ ಬರೆದುಕೊಳ್ಳುವುದು ಬಾಯಿಗೆ ಬಾರದ ಮಾತು. ಹೇಳಿಕೊಳ್ಳಲು ನಾಚುವವರು ಹಿಂದೆ ಉಳಿಯುತ್ತಾರೆ, ನಾಚದವರು ಮುಂದೆ ಹೋಗುತ್ತಾರೆ. ಮುಂದೆ ಹೋದವರೆಲ್ಲ ಅನರ್ಹರು ಎಂದು ಇದರ ಅರ್ಥವಲ್ಲ. ಹಿಂದೆ ಉಳಿದವರನ್ನು ಹುಡುಕಿಕೊಂಡು ಹೋಗುವವರು ಯಾರೂ ಇಲ್ಲ ಎಂಬುದೇ ಕೊರಗು.

ಹುಡುಕಿಕೊಂಡು ಹೋಗುವ ಪ್ರಶಸ್ತಿಯೂ ಒಂದಿದೆ. ಅಮೆರಿಕದಲ್ಲಿ 1987ರಿಂದ ನಡೆದು ಬಂದಿರುವ ಮಿಲ್ಕನ್ ಶಿಕ್ಷಕ ಪ್ರಶಸ್ತಿಗೆ ಅರ್ಜಿಯೇ ಇಲ್ಲ, ಹೆಸರು ಸೂಚಿಸಲೂ ಅವಕಾಶವಿಲ್ಲ. ಆಯ್ಕೆಯೆಲ್ಲ ಗುಟ್ಟಾಗಿ ನಡೆಯುತ್ತದೆ. ಒಂದು ಬೆಳಗ್ಗೆ ಏನೋ ನೆಪ ಹೇಳಿ ಶಾಲೆಯ ಮಕ್ಕಳನ್ನೂ ಸಿಬ್ಬಂದಿಯನ್ನೂ ಸಭಾಂಗಣದಲ್ಲಿ ಸೇರಿಸುತ್ತಾರೆ, ಗಣ್ಯರು ಬಂದಿರುತ್ತಾರೆ, ಯಾಕೆ ಬಂದರೆಂದು ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಒಂದು ಹೆಸರು ಕೂಗುತ್ತಾರೆ. ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಸುಮ್ಮನಿರಿಸುತ್ತ ನಿಂತಿದ್ದ ಟೀಚರ್ ಬಾಯಿ ಮುಚ್ಚಿಕೊಂಡು ಅಳುತ್ತ ವೇದಿಕೆಗೆ ಬರುತ್ತಾರೆ. ಕೈಗೆ 25,000 ಡಾಲರ್. ಆರಿಸುವಾಗ ನಿವೃತ್ತಿಯ ಅಂಚಿನವರನ್ನಲ್ಲ, ಇನ್ನೂ ಬಹಳ ವರ್ಷ ಪಾಠ ಮಾಡಲಿರುವವರನ್ನು ನೋಡುತ್ತಾರೆ. ಇದರಲ್ಲಿ ನಾಟಕದ ಅಂಶ ಜಾಸ್ತಿ ಎಂದು ಮೂಗು ಮುರಿಯಬಹುದು. ಆದರೆ ಆ ನಾಟಕವನ್ನು ನೋಡುವವರು ಮಕ್ಕಳು. ನಮ್ಮಲ್ಲಿ ಪ್ರಶಸ್ತಿ ಕೊಡುವ ಸಭೆಯಲ್ಲಿ ಮಕ್ಕಳು ಇರುವುದೆಂದರೆ ಸ್ವಾಗತ ಗೀತೆ ಹಾಡಲು.

ಮಕ್ಕಳ ಮಾತು ಕೇಳಿ ಕೊಡುವ ಪ್ರಶಸ್ತಿಗಳೂ ಇಲ್ಲದಿಲ್ಲ. ರೋಟರಿ ಕ್ಲಬ್‌ಗಳು ನಮ್ಮ ಊರುಗಳಲ್ಲೂ ಕೊಡುವ ‘ನೇಷನ್ ಬಿಲ್ಡರ್’ ಗೌರವಕ್ಕೆ ವಿದ್ಯಾರ್ಥಿಗಳೇ ತುಂಬುವ ಮೌಲ್ಯಮಾಪನದ ಹಾಳೆ ಆಧಾರ. ಬ್ರಿಟನ್ನಿನಲ್ಲಿ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದ ನಿರ್ಮಾಪಕ ಡೇವಿಡ್ ಪಟ್ನಮ್ 1998ರಲ್ಲಿ ಕಟ್ಟಿದ ರಾಷ್ಟ್ರೀಯ ಬೋಧನಾ ಪ್ರಶಸ್ತಿಗಳಿಗೆ ಮಕ್ಕಳು, ತಂದೆತಾಯಿ, ಸಹೋದ್ಯೋಗಿಗಳು ಹೆಸರು ಸೂಚಿಸುತ್ತಾರೆ. ಸಿನಿಮಾದವರಿಗೆ ಆಸ್ಕರ್ ಇರುವಾಗ ಮೇಷ್ಟ್ರುಗಳಿಗೇಕಿಲ್ಲ ಎಂಬ ಯೋಚನೆ ಸಿನಿಮಾ ಮನುಷ್ಯನಿಗೇ ಬಂತು ನೋಡಿ. ಆ ಪಟ್ಟಿಯಲ್ಲಿ ತರಗತಿ ಸಹಾಯಕರಿಗೆ ಬೇರೆಯೇ ಪ್ರಶಸ್ತಿ ಇದೆ, ತೆರೆಮರೆಯಲ್ಲಿ ದುಡಿಯುವ ಸಿಬ್ಬಂದಿಗೂ ಒಂದು ವಿಭಾಗವಿದೆ. ಅಮೆರಿಕದ ಸಂಸತ್ತು 2019ರಲ್ಲಿ ಇಂಥ ಸಿಬ್ಬಂದಿಗೆಂದೇ ಒಂದು ಕಾಯ್ದೆ ಮಾಡಿತು. ಶಾಲಾ ಬಸ್ಸಿನ ಚಾಲಕರು, ಅಡುಗೆಯವರು, ಕಸ ಗುಡಿಸುವವರು, ಗುಮಾಸ್ತರು, ದಾದಿಯರು, ಒಟ್ಟಿನಲ್ಲಿ ಶಾಲೆಯಲ್ಲಿದ್ದೂ ‘ಶಿಕ್ಷಕ’ ಅಲ್ಲದವರಿಗೆ ‘ರೈಸ್’ ಎಂಬ ರಾಷ್ಟ್ರೀಯ ಪ್ರಶಸ್ತಿ. ಪ್ರತಿ ರಾಜ್ಯದ ಗವರ್ನರ್ ಇಬ್ಬರವರೆಗೆ ಹೆಸರು ಕಳಿಸಬಹುದು. ಹಣ ಕೊಡುವ ಪ್ರಶಸ್ತಿ ಅಲ್ಲ ಅದು, ಹೆಸರು ಹೇಳಿ ಕರೆಯುವ ಪ್ರಶಸ್ತಿ.

ಮೈಸೂರಿನ ಒಂದು ಹಳೆಯ ಸಂಗತಿ ಇಲ್ಲಿ ನೆನಪಾಗುತ್ತದೆ. ರಾಧಾಕೃಷ್ಣನ್ 1918ರಿಂದ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ಮೈಸೂರು ವಿಶ್ವವಿದ್ಯಾಲಯಕ್ಕೆ ಆಗಿನ್ನೂ ಎರಡು ವರ್ಷ. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಕರೆ ಬಂದು ಅವರು ಹೊರಟು ನಿಂತಾಗ ವಿದ್ಯಾರ್ಥಿಗಳು ಗಾಡಿಯನ್ನು ಹೂವಿನಿಂದ ಸಿಂಗರಿಸಿ, ಕುದುರೆ ಬಿಚ್ಚಿ, ತಾವೇ ನೊಗ ಹಿಡಿದು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಯಾರ ಜಯಂತಿಯ ದಿನ ಇಂದು ಪ್ರಶಸ್ತಿ ಕೊಡಲಾಗುತ್ತದೋ ಅವರಿಗೆ ಸಿಕ್ಕ ದೊಡ್ಡ ಗೌರವಕ್ಕೆ ಜಿಲ್ಲಾ ಸಮಿತಿಯೂ ಇರಲಿಲ್ಲ, ಅರ್ಜಿ ನಮೂನೆಯೂ ಇರಲಿಲ್ಲ.

ಸರಕಾರ ಕೊಡುವಾಗ ಬೇರೆಯದೇ ಲೆಕ್ಕಗಳು ಸೇರಿಕೊಳ್ಳುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರಿಗೆ ಉತ್ತಮ ಪ್ರಾಂಶುಪಾಲ ಪ್ರಶಸ್ತಿ ಘೋಷಿಸಿ, ಸಮಾರಂಭಕ್ಕೆ ಮುನ್ನವೇ ತಡೆಹಿಡಿಯಿತು. 2022ರ ಹಿಜಾಬ್ ವಿವಾದದಲ್ಲಿ ಅವರು ನಡೆದುಕೊಂಡ ರೀತಿಗೆ ಬಂದ ಆಕ್ಷೇಪವೇ ಕಾರಣ. ಕೊಟ್ಟದ್ದು ಸರಿಯೋ ತಡೆದದ್ದು ಸರಿಯೋ ಎಂದು ಎರಡು ಬಣಗಳು ಜಗಳಾಡಿದವು. ಆಯ್ಕೆ ಸಮಿತಿ ಏನನ್ನು ನೋಡಿ ಆರಿಸಿತ್ತು, ಯಾವುದನ್ನು ನೋಡದೆ ಬಿಟ್ಟಿತ್ತು ಎಂಬುದು ಆ ಗದ್ದಲದಲ್ಲಿ ಯಾರಿಗೂ ಬೇಕಾಗಲಿಲ್ಲ. ಅಂಕಪಟ್ಟಿ ಕೊಡುವ ಇಲಾಖೆ ತನ್ನ ಆಯ್ಕೆಯ ಅಂಕಪಟ್ಟಿಯನ್ನೂ ಊರ ಮುಂದೆ ಇಟ್ಟರೆ ಇಂಥ ಪೇಚು ಎಷ್ಟೋ ತಪ್ಪುತ್ತದೆ.

ಪ್ರಶಸ್ತಿಯ ಜೊತೆ ಬರುತ್ತಿದ್ದ ಸಣ್ಣಪುಟ್ಟ ಸವಲತ್ತುಗಳೂ ಒಂದೊಂದಾಗಿ ಕಳಚುತ್ತಿವೆ. ರಾಷ್ಟ್ರಪ್ರಶಸ್ತಿ ಪಡೆದ ಶಿಕ್ಷಕರಿಗೆ ರೈಲಿನ ಎರಡನೇ ದರ್ಜೆ ಪ್ರಯಾಣದಲ್ಲಿ ಶೇ 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ನೆಪದಲ್ಲಿ ರೈಲ್ವೆ ಬಹುತೇಕ ರಿಯಾಯಿತಿಗಳನ್ನು ನಿಲ್ಲಿಸಿದಾಗ ಇದೂ ಹೋಯಿತು. ಪ್ರಶಸ್ತಿಯ ಹಣದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ₹50,000 ಇಂದು ಕಾಯಂ ಶಿಕ್ಷಕರ ಒಂದು ತಿಂಗಳ ಸಂಬಳದ ಆಸುಪಾಸಿನ ಮೊತ್ತ.

ಆದರೆ ಅದೇ ಶಾಲೆಯ ಹಿಂಭಾಗದ ಅಡುಗೆ ಕೋಣೆಗೆ ಹೋದರೆ ಆ ₹50,000ದ ಅರ್ಥ ಬದಲಾಗುತ್ತದೆ. ಬಿಸಿಯೂಟದ ಅಡುಗೆಯವರಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ಗೌರವಧನ ತಿಂಗಳಿಗೆ ₹1,000, ಅದೂ ವರ್ಷಕ್ಕೆ ಹತ್ತು ತಿಂಗಳು. 2009ರಲ್ಲಿ ನಿಗದಿಯಾದದ್ದು. ರಾಜ್ಯ ತನ್ನ ಪಾಲು ಸೇರಿಸಿ ಕೊಡುತ್ತದೆ ನಿಜ, ಆಗಲೂ ಅದು ಸಂಬಳ ಎನ್ನುವಷ್ಟಾಗುವುದಿಲ್ಲ. ಹೆಸರೇ ‘ಗೌರವಧನ’. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ನೂರು ಮಕ್ಕಳಿಗೆ ಅನ್ನ ಸಾಂಬಾರು ಮಾಡಿ, ತಟ್ಟೆ ಎಣಿಸಿ, ಯಾವ ಮಗು ಇವತ್ತು ಎರಡನೇ ಸಲ ಬಡಿಸಿಕೊಳ್ಳಲಿಲ್ಲ ಎಂದು ಗಮನಿಸುವ ಹೆಂಗಸರಿಗೆ ಶಿಕ್ಷಣ ಇಲಾಖೆಯ ಪ್ರಶಸ್ತಿ ಪಟ್ಟಿಯಲ್ಲಿ ಜಾಗವಿಲ್ಲ. ಅಕ್ಷರ ದಾಸೋಹ ಎಂಬ ಚಂದದ ಹೆಸರು ಯೋಜನೆಗೆ ಸಿಕ್ಕಿತು, ದಾಸೋಹ ನಡೆಸುವವರ ಹೆಸರು ಎಲ್ಲೂ ದಾಖಲಾಗಲಿಲ್ಲ.

ಶಾಲೆಯನ್ನು ಎತ್ತಿ ನಿಲ್ಲಿಸುವವರು ಕೆಲವೊಮ್ಮೆ ಶಾಲೆಯ ಸಿಬ್ಬಂದಿಯೂ ಆಗಿರುವುದಿಲ್ಲ. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ, ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ನಿಂತ ಅವಮಾನ ಅವರ ಊರಾದ ನ್ಯೂಪಡ್ಪುವಿಗೆ ಶಾಲೆ ತಂದಿತು. 2000ದಲ್ಲಿ 28 ಮಕ್ಕಳಿಂದ ಶುರುವಾದ ಶಾಲೆ ಅದು. ಬಂದ ಪ್ರಶಸ್ತಿಗಳ ಹಣವನ್ನೆಲ್ಲ ಅವರು ಶಾಲೆಗೇ ಹಾಕಿದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಪಡೆದ ಅವರ ಚಿತ್ರ ಕನ್ನಡಿಗರಿಗೆಲ್ಲ ಪರಿಚಿತ.

ಕೊಪ್ಪಳ ಜಿಲ್ಲೆ ಕುಣಿಕೇರಿಯ ಹುಚ್ಚಮ್ಮ ಬಸಪ್ಪ ಚೌದ್ರಿಯವರ ಮುಖ ಅಷ್ಟು ಜನರಿಗೆ ಪರಿಚಿತವಲ್ಲ. ಆಕೆಗೆ ಇದ್ದದ್ದು ಎರಡು ಎಕರೆ ಹೊಲ. ಊರಿನ ಸರಕಾರಿ ಶಾಲೆಗೆ ಜಾಗ ಬೇಕೆಂದಾಗ ಒಂದು ಎಕರೆ ಬಿಟ್ಟುಕೊಟ್ಟರು. ಆಮೇಲೆ ಮಕ್ಕಳಿಗೆ ಆಟದ ಮೈದಾನ ಬೇಕೆಂದಾಗ ಉಳಿದ ಒಂದು ಎಕರೆಯನ್ನೂ ಕೊಟ್ಟರು. ಸುತ್ತ ಕಾರ್ಖಾನೆಗಳು ಬಂದು ಆ ನೆಲದ ಬೆಲೆ ಏರಿದರೂ ಅದರ ಮಾತು ಎತ್ತಲಿಲ್ಲ. ಮಕ್ಕಳಿಲ್ಲದ ಆಕೆ, ತಾನು ಕೊಟ್ಟ ನೆಲದ ಮೇಲೆ ನಿಂತ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದರು. ಶಾಲೆಯ ಮಕ್ಕಳ ಬಾಯಲ್ಲಿ ಆಕೆ ಅಜ್ಜಿ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು 50 ವರ್ಷವಾದ 2023ರಲ್ಲಿ 68 ಮಂದಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ತಲಾ ₹5 ಲಕ್ಷ, 25 ಗ್ರಾಂ ಚಿನ್ನದ ಪದಕ. ಆ ಪಟ್ಟಿಯಲ್ಲಿ ಶಿಕ್ಷಣ ಎಂಬ ವಿಭಾಗವೂ ಇತ್ತು. ಹುಚ್ಚಮ್ಮನವರ ಹೆಸರು ಇದ್ದದ್ದು ಸಮಾಜ ಸೇವೆಯ ವಿಭಾಗದಲ್ಲಿ.